ಪಾಲಿನ ಗೋಡೆಯ ಕಿಂಡಿ

…ಇಲ್ಲ ಕಣೇ ಸ್ವಪ್ನ, ಮೊಳಕಾಲ್ಮೂರು ಬಸ್ಸು ಇನ್ನೂ ಬಂದಿಲ್ಲ, ಕೂತ್ಕೊ. ಅಂತೂ ಸಿ ಲ್ಯಾಬ್ ಎಕ್ಸಾಮ್ ಮುಗೀತಪ್ಪ. ನಾನು ಹೊರಗೆ ಬಂದೆ, ನೀನು ಒಳಗೆ ಹೋದೆ, ಮಾತಾಡೋಕೇ ಆಗ್ಲಿಲ್ಲ. ನನಗೆ ಚೀಟೀಲಿ ಸಾಕೆಟ್‌ಪೇರ್ ಪ್ರೋಗ್ರಾಮ್ ಬಂತು. ನಿನಗೂ ಅದೇನಾ? ನೋಡು, ಇಬ್ರಿಗೂ ಒಂದೇ ಹಣೇಬರ!

ಬರೆದೆ, ಓಡ್ತು. ಆಮೇಲೆ ವೈವಾದಲ್ಲಿ, ಪರೀಕ್ಷೆ ಮಾಡೋಕೆ ದಾವಣಗೆರೆಯಿಂದ ಬಂದಿದ್ರಲ್ಲ ಆ ಎಕ್ಸ್‌ಟರ್ನಲ್ಲು, ಎರಡು ಪ್ರಾಸೆಸ್ ಹೆಂಗಮ್ಮ ಮಾತಾಡ್ತಾವೆ, ಪುಸ್ತಕದ್ದು ಬೇಡ, ನಿನ್ನ ಮಾತಲ್ಲಿ ಹೇಳು ಅಂದ್ರು. ಹೇಳ್ದೆ. ಫೋರ್ಕ್ ಅಂದ್ರೆ ಅಣ್ಣತಮ್ಮ ಪಾಲಾದಂಗೆ ಸರ್, ಓಡ್ತಿರೋ ಒಂದು ಪ್ರೋಗ್ರಾಮು, ಅಂದ್ರೆ ಪ್ರಾಸೆಸ್, ಎರಡಾಗೋದು. ಪಾಲಾಗೋಕೆ ಮುಂಚೇನೇ ಸಾಕೆಟ್‌ಪೇರ್ ಮಾಡಿಟ್ಕೋಬೇಕು, ಎರಡು ತುದಿ ಇರೋ ಒಂದು ದಾರಿ. ಪಾಲಾದ್ಮೇಲೆ ಇಬ್ರ ಕೈಲೂ ಎರಡೂ ತುದಿ ಇರ್ತಾವೆ, ತನ್ನದಲ್ಲದ ತುದೀನ ಮುಚ್ಚಿಬಿಡ್ಬೇಕು. ಇಲ್ಲಾಂದ್ರೆ ಆಚೆಯವನು ಎದ್ದು ಹೋದ್ರೂ ಈಚೆಯವನು ಕಾಯ್ತಾನೇ ಕೂತಿರ್ತಾನೆ ಅಂತ.

ಏನು ಹಂಗೆ ನೋಡ್ತೀಯಾ? ನೀನೇ ಹೇಳ್ಕೊಟ್ಟಿದ್ದು, ಇಲ್ಲ ಅಂದ್ನಾ? ಅಷ್ಟೇ ಹೇಳಿದ್ದು… ಒಂಚೂರು ಕಿಂಡೀದೂ ಹೇಳ್ದೆ.

ಅದೇ ಕಣೇ, ಕೊಂಡ್ಲಹಳ್ಳೀಲಿ ನಿಮ್ಮಪ್ಪ, ದೊಡ್ಡಪ್ಪ ಪಾಲಾದಾಗ, ನಡುವೆ ಗೋಡೆ ಏಳೋ ಮುಂಚೆ ನಿಮ್ಮಜ್ಜಿ ಕರಿಯಕ್ಕ ಅಡ್ಡ ಕೂತು ಕಿಂಡಿ ಬಿಡಿಸಿದ್ದು. ಕೆಂಡ, ಮಜ್ಜಿಗೆ ಆಚೆ ಈಚೆ ಕೊಡೋಕೆ. ಎಕ್ಸ್‌ಟರ್ನಲ್ಲು ಎಷ್ಟು ಖುಷಿಪಟ್ರು ಅಂತೀಯಾ. ಯಾರ ಮನೇದಮ್ಮ ಇದು ಅಂದ್ರು. ನಾನು… ಒಂದು ಮನೇದು ಸರ್ ಅಂದೆ.

ನಿನಗೆ ಹೊಳೀಲಿಲ್ವಾ ಬೇರೆ ಉದಾಹರಣೆ? ಅದೇ ಗೋಡೆ, ಅದೇ ಮಜ್ಜಿಗೆ ಹೇಳಿದ್ರೆ ಅವರಿಗಾದ್ರೂ ಏನನ್ಸುತ್ತೆ? ಹೋಗ್ಲಿ ಬಿಡು, ವೈವಾಗೆ ಸೊನ್ನೆ ಹಾಕಿದ್ರೇನಂತೆ, ಪ್ರೋಗ್ರಾಮ್‌ಗೆ ಮಾರ್ಕ್ಸ್ ಐತಲ್ಲ…

ಏನು?

ನೀನು ಹೇಳ್ಲಿಲ್ಲ, ಹೌದು. ಸೊನ್ನೆ ಅಂತ ನೀನು ಹೇಳೇ ಇಲ್ಲ.

ನಾನು ಲ್ಯಾಬ್ ಕಿಟಕಿ ಹತ್ರಾನೇ ಇದ್ದೆ ಕಣೇ. ದಿವ್ಯಾ ಹೇಳಿದ್ದನ್ನ ಬಾಗಿಲಲ್ಲಿ ಕದ್ದು ಕೇಳಿಸ್ಕೊಂಡು ಒಪ್ಪಿಸ್ತೀಯಾ, ನಾಚಿಕೆ ಆಗಲ್ವಾ ಅಂತ ಎಕ್ಸ್‌ಟರ್ನಲ್ಲು ನಿನಗೆ ಅಂದ್ರಲ್ಲ, ಆಗ. ನನ್ನ ಸರದೀಲಿ ಮೊದ್ಲು ನನ್ನ ಸ್ನೇಹಿತೆ ಮನೇದು ಅನ್ನೋಕೇ ಬಾಯಿ ತೆಗ್ದಿದ್ದೆ ಸ್ವಪ್ನ, ಅಷ್ಟರಲ್ಲಿ ಭೇಷ್, ಸ್ವಂತ ತಲೆ ಐತೆ ಅಂದ್ಬಿಟ್ರು. ನಮ್ಮನೇದೇ ಸರ್, ನಮ್ಮಜ್ಜಿ ಅಂದ್ಬಿಟ್ಟೆ.

ಅದು ನಮ್ಮಜ್ಜಿ ಸರ್ ಅಂತ ಸ್ವಪ್ನ ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಿಟಕೀಲಿ ನಿಂತೇ ಇದ್ದೆ. ತಲೆ ತಗ್ಗಿಸ್ಕೊಂಡು ಬಂದ್ಬಿಟ್ಟೆಯಲ್ಲೇ.

ಎಕ್ಸ್‌ಟರ್ನಲ್ಲು ಇನ್ನೂ ಲ್ಯಾಬಲ್ಲೇ ಅವ್ರೆ. ನೀನು ಒಂದೇ ಒಂದು ಮಾತು ಬೈಯಿ, ಈಗ್ಲೇ ಹೋಗಿ ನಿಜ ಹೇಳ್ತೀನಿ. ಬಸ್ಸು ಬಂತು, ಬೇಗ… ಬೈಯೇ ಸ್ವಪ್ನ.