ಭಾವ ಎಮ್ಮೆಲ್ಲೆ ಆದ ವರ್ಷ ಸಂಕ ಹಾಕಲಿಲ್ಲ

...ಅಲ್ಲ ಮಗಾ, ಮೂರು ಸಲ ಗೆದ್ದದ್ದಲ್ಲ, ಮೂರು ಸಲ ನಿಂತದ್ದು. ಗೆದ್ದದ್ದು ಒಂದೇ ಸಲ. ಈಗ ಬಂದು ಕೈ ಮುಗಿದು ಹೋದನಲ್ಲ ಓಟು ಕೇಳ್ಲಿಕ್ಕೆ, ಆ ಹುಡುಗನಿಗೆ ಯಾರೋ ತಪ್ಪು ಹೇಳಿದ್ದಾರೆ. "ನಿಮ್ಮ ಯಜಮಾನರು ಮೂರು ಸಲದ ಶಾಸಕರಲ್ವಾ ಅಮ್ಮ" ಅಂತ ಕೇಳಿದ, ನಾನೂ ಹೂಂ ಅಂದೆ. ಮತ್ತೆಂತ ಹೇಳುದು? ಬಿಸಿಲಲ್ಲಿ ಬಂದಿದ್ದಾನೆ ಪಾಪ, ಬೆಲ್ಲ ನೀರು ಕುಡಿದು ಹೋಗ್ಲಿ ಅಂತ ಸುಮ್ಮನಾದೆ. ನಿಮಗಾದ್ರೂ ಸರಿ ಗೊತ್ತಿರ್ಲಿ. ನಿಮ್ಮ ಅಜ್ಜ ಮೊದಲು ನಿಂತದ್ದು ಬಂಟ್ವಾಳದ ಬದಿಯಲ್ಲಿ, ಗೆದ್ರು. ಎರಡನೇ ಸಲ ಮೂಡಬಿದ್ರೆ ಬದಿಗೆ ಕಳಿಸಿದ್ರು, ಸೋತ್ರು. ಮೂರನೇ ಸಲ ಬೆಳ್ತಂಗಡಿಗೆ, ಅಂದ್ರೆ ಇಲ್ಲಿಗೇ, ನನ್ನ ಊರಿಗೇ ಬಂದು ನಿಂತ್ರು. ಅಷ್ಟೇ ಅವರ ರಾಜಕೀಯ. ಹೇಳ್ಲಿಕ್ಕೆ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಸಾಕು, ಅನುಭವಿಸ್ಲಿಕ್ಕೆ ಹತ್ತು ವರ್ಷ ಹಿಡಿಯಿತು ನೋಡು. ಕೂತ್ಕೊಳ್ಳಿ. ಏ ಪುಟ್ಟಿ, ಕಾಲು ದಾಟ್ಬೇಡ ಮಾರಾಯ್ತಿ, ಆಚೆ ಬದಿಯಿಂದ ಬಾ.

ನಮ್ಮದು ಅಳಿಯಕಟ್ಟು ಅಲ್ವಾ, ಗೊತ್ತುಂಟಲ್ಲ? ಈಗಿನ ಹಾಗೆ ಮದುವೆ ಆದ ಕೂಡ್ಲೆ ಗಂಟು ಕಟ್ಟಿಕೊಂಡು ಗಂಡನ ಹಿಂದೆ ಹೋಗುದಿಲ್ಲ ಆಗ. ಹೆಂಗಸರು ತಾಯಿ ಮನೆಯಲ್ಲೇ, ಮಕ್ಕಳೂ ಅಲ್ಲೇ. ಗಂಡ ತನ್ನ ಮನೆಯಲ್ಲಿ, ಅವನ ಅಕ್ಕ ತಂಗಿಯರ ಜೊತೆ. ಅಜ್ಜನ ಮನೆ ನರಿಕೊಂಬು, ಬಂಟ್ವಾಳದ ಹತ್ರ, ನೇತ್ರಾವತಿ ಬದಿ. ನನ್ನದು ಇಲ್ಲಿ, ನೆರಿಯದ ಕಾಡಿನ ಅಂಚಿನಲ್ಲಿ. ಅವರು ಬರುದು, ನಾಲ್ಕು ದಿನ ಇರುದು, ಹೋಗುದು. ಬಂದಾಗೆಲ್ಲ ನೆಂಟರು ಬಂದ ಹಾಗೆ ಕೋಳಿ ಕೊಯ್ಯುದು, ರೊಟ್ಟಿ ಮಾಡುದು. ಹಾಗಾಗಿ ಎಂತ ಆಯ್ತು ಅಂದ್ರೆ, ಅವರ ಓಟು ಅಲ್ಲಿ, ನನ್ನ ಓಟು ಇಲ್ಲಿ. ಗಂಡ ಓಟಿಗೆ ನಿಂತ್ರೂ ಹೆಂಡ್ತಿಗೆ ಓಟು ಹಾಕ್ಲಿಕ್ಕಿಲ್ಲ! ಆಗ ಒಬ್ಬೊಬ್ಬನಿಗೆ ಒಂದೊಂದು ಡಬ್ಬ, ಡಬ್ಬದ ಮೇಲೆ ಅವನವನ ಚಿಹ್ನೆಯ ಚಿತ್ರ. ನಾನು ಇಲ್ಲಿ ಯಾರೋ ಗುರುತಿಲ್ಲದವನ ಡಬ್ಬಕ್ಕೆ ಚೀಟಿ ಹಾಕಿ ಬಂದೆ. ಮನೆಗೆ ಬಂದು ಅಮ್ಮನ ಹತ್ರ ಹೇಳಿ ನಗಾಡಿದೆ. ಆಗ ನಗು ಬರ್ತಿತ್ತು.

ಅವರು ಗೆದ್ರು ಅಂತ ಸುದ್ದಿ ಮಡಂತ್ಯಾರಿನವರೆಗೆ ಬಸ್ಸಿನಲ್ಲಿ ಬಂತು, ಅಲ್ಲಿಂದ ಬಾಯಿಂದ ಬಾಯಿಗೆ ನಮ್ಮ ಅಂಗಳಕ್ಕೆ ಬಂತು. ಊರಿಗೆ ಊರೇ ಕುಣಿದದ್ದು. "ನಮ್ಮ ಭಾವ ಎಮ್ಮೆಲ್ಲೆ! ನಮ್ಮ ಭಾವ ಎಮ್ಮೆಲ್ಲೆ!" ನಮ್ಮ ಮನೆಯ ಯಜಮಾನರು ಅಂದ್ರೆ ನನ್ನ ಸೋದರಮಾವ, ಮೀಸೆ ಮೇಲೆ ಮಾಡಿ ತಿರುಗಿದ್ದೇ ತಿರುಗಿದ್ದು. ಈಗ ಇಲ್ಲೇ ಉಂಟು ವಿಷಯ, ಸಮ ಕೇಳಿ. ನೀವು ಬರುವಾಗ ಒಂದು ಸೇತುವೆ ಸಿಕ್ತದಲ್ಲ ಮನೆಗೆ ತಿರುಗುವಲ್ಲಿ, ಆಗ ಅದಿರಲಿಲ್ಲ. ಹೊಳೆ ಮಾತ್ರ. ಬೇಸಿಗೆಯಲ್ಲಿ ಮೊಣಕಾಲು ಮುಳುಗುದಿಲ್ಲ, ಮಳೆಗಾಲದಲ್ಲಿ ಆನೆ ಇಳಿದ್ರೂ ಹೋಗ್ತದೆ. ಅದಕ್ಕೆ ಪ್ರತಿ ವರ್ಷ ಬೇಸಿಗೆಯ ಕೊನೆಗೆ, ಪತ್ತನಾಜೆ ಕಳೆದ ಕೂಡ್ಲೆ, ಮಳೆ ಹಿಡಿಯುವ ಮೊದಲು ಮನೆಗೊಂದು ಗಂಡಸು ಹೋಗಿ ಕಾಲುಸಂಕ ಹಾಕುದು. ಎರಡು ಬೈನೆ ಮರ ಅಡ್ಡ ಹಾಕಿ, ಹಿಡ್ಕೊಳ್ಳಿಕ್ಕೆ ಬಿದಿರಿನ ಕೈತಾಂಗು ಕಟ್ಟಿ, ಬಳ್ಳಿಯಲ್ಲಿ ಬಿಗಿದ್ರೆ ಮುಗೀತು. ನನ್ನ ಅಜ್ಜಿಯ ಕಾಲದಿಂದ ಹಾಗೆ. ಆ ವರ್ಷ ಪತ್ತನಾಜೆ ಕಳೀತು, ಯಾರೂ ಹೊಳೆಗೆ ಇಳೀಲಿಲ್ಲ. ನಮ್ಮ ಪಕ್ಕದ ಮನೆಯ ದೇಜಪ್ಪ ಬಂದು ಅಂಗಳದಲ್ಲಿ ನಿಂತು ಮಾವನನ್ನು ಕೇಳಿದ, "ಸಂಕ ಯಾವಾಗ ಹಾಕುವ?" ಅಂತ. ಮಾವ ಹೇಳಿದ್ರು, "ಇನ್ನು ಸಂಕ ಯಾಕೆ ಮಾರಾಯಾ? ಎಮ್ಮೆಲ್ಲೆಯ ಹೆಂಡ್ತಿ ಮನೆಯವರು ಮರದ ಮೇಲೆ ಮಂಗನ ಹಾಗೆ ದಾಟುದಾ? ಭಾವ ಸೇತುವೆ ಮಾಡಿಸ್ತಾರೆ." ದೇಜಪ್ಪನೂ ಹೌದಲ್ಲ ಅಂತ ನಗಾಡಿ ಹೋದ. ಊರವರಿಗೂ ಒಂದು ದಿನದ ಕೆಲಸ ಉಳೀತು, ಖುಷಿ.

ಆಟಿ ತಿಂಗಳು. ಮಳೆ ಅಂದ್ರೆ ಮಳೆ. ನನ್ನ ತಂಗಿ ಸುಂದರಿ, ನಿಮಗೆ ಫೋಟೋದಲ್ಲಿ ನೋಡಿ ಗೊತ್ತು, ಅವಳಿಗೆ ಚೊಚ್ಚಲು. ದಿನ ತುಂಬುವ ಮೊದಲೇ ನೋವು ಕಾಣಿಸಿತು. ಸೂಲಗಿತ್ತಿ ಐಸಮ್ಮನ ಮನೆ ಹೊಳೆಯ ಆಚೆ. ಈಚೆಯಿಂದ ಕೂಗಿ ಕೂಗಿ ಅಂತೂ ಅವಳಿಗೆ ಕೇಳಿಸಿತು, ಓಡಿ ಬಂದಳು. ಬಂದು ಎಂತ ಮಾಡುದು? ನಡುವಿನಲ್ಲಿ ಕೆಂಪು ನೀರು, ಮರದ ದಿಮ್ಮಿ ಎಲ್ಲ ಉರುಳಿಕೊಂಡು ಹೋಗ್ತಾ ಉಂಟು. ಓಲೆ ಕೊಡೆ ಹಿಡ್ಕೊಂಡು ಆಚೆ ದಡದಲ್ಲಿ ನಿಂತು ಐಸಮ್ಮ ನನಗೆ ಕೂಗಿ ಹೇಳುದು, "ಅಕ್ಕಾ, ಅವಳನ್ನು ಮಲಗಿಸ್ಬೇಡಿ! ನಡೆಸಿ! ಬಿಸಿನೀರು..." ಅಷ್ಟೇ ಕೇಳುದು, ಉಳಿದದ್ದು ನೀರಿನ ಶಬ್ದದಲ್ಲಿ ಹೋಗ್ತದೆ. ನಾನು ಹೊಳೆಬದಿಗೆ ಓಡುದು, ಕೇಳುದು, ಮನೆಗೆ ಓಡುದು. ಐಸಮ್ಮ ವಾಪಸು ಹೋಗ್ಲಿಲ್ಲ ಗೊತ್ತುಂಟಾ, ಇಡೀ ದಿನ ನಿಂತಿದ್ದಳು ಆ ಮಳೆಯಲ್ಲಿ, ಚಂಡಿ ಮುದ್ದೆಯಾಗಿ. ಸಂಜೆಗೆ ಮಗು ಹುಟ್ಟಿತು. ಗಂಡು. ಅಳಲಿಲ್ಲ ಮಗು. ಅಮ್ಮ ಬೆನ್ನು ತಟ್ಟಿದ್ರು, ಉಜ್ಜಿದ್ರು... ಇಲ್ಲ. ಸುಂದರಿ ಉಳಿದಳು, ಅದು ದೇವರು ದೊಡ್ಡವ. ನಾನು ಹೊಳೆಬದಿಗೆ ಹೋಗಿ ಐಸಮ್ಮನಿಗೆ ಕೈಯಲ್ಲೇ ಹೇಳಿದೆ, ಇಲ್ಲ ಅಂತ. ಅವಳು ಅಲ್ಲೇ ಕುಕ್ಕರಿಸಿ ಕೂತು ಅತ್ತಳು, ನಾನು ಇಲ್ಲಿ ಅತ್ತೆ.

ಆಗ ನಿಮ್ಮ ಅಜ್ಜ ಎಲ್ಲಿ ಕೇಳಿ. ಮದ್ರಾಸಿನಲ್ಲಿ! ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಲ್ವಾ. ರೈಲಿನಲ್ಲಿ ಹೋಗಿ ಸಭೆಯಲ್ಲಿ ಕೂರುದು, ಎದ್ದು ನಿಂತು ಕನ್ನಡದಲ್ಲಿ ಮಾತಾಡುದು, ಸುತ್ತ ಇದ್ದವರಿಗೆ ಅದು ಕೋಣನ ಮುಂದೆ ಕಿನ್ನರಿ. ಹಾಗಂತ ಅವರೇ ಹೇಳಿ ನಗಾಡ್ತಿದ್ರು. ಒಳ್ಳೆ ಮನುಷ್ಯ, ಅದು ಹೇಳ್ಬೇಕು, ಸುಳ್ಳು ಹೇಳ್ಬಾರದು. ಅವರ ಬದಿಗೆ ಶಾಲೆ ತಂದ್ರು, ಬಾವಿ ತಂದ್ರು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಅದೇ ಜಾತಿ. ಮಳೆ ನಿಂತ ಮೇಲೆ ಬಂದ್ರು. ನಾನು ಕೋಳಿ ಕೊಯ್ಯಲಿಲ್ಲ. ಗಂಜಿ ಬಡಿಸಿದೆ, ಬಡಿಸಿ ಕೇಳಿದೆ, "ಒಂದು ಸೇತುವೆ ಮಾಡಿಸ್ಲಿಕ್ಕೆ ಆಗುದಿಲ್ವಾ ನಿಮಗೆ?" ಅವರು ತಟ್ಟೆ ನೋಡ್ತಾ ಹೇಳಿದ್ರು, "ಅದು ನನ್ನ ಕ್ಷೇತ್ರ ಅಲ್ಲ. ಇಲ್ಲಿಗೆ ಬೇರೆಯೇ ಮೆಂಬರು ಇದ್ದಾರೆ. ಇನ್ನೊಬ್ಬರ ಕ್ಷೇತ್ರಕ್ಕೆ ಕೈ ಹಾಕಿದ್ರೆ ಸಮ ಆಗುದಿಲ್ಲ." ನನಗೆ ಎಲ್ಲಿತ್ತೋ ಸಿಟ್ಟು. "ಹಾಗಾದ್ರೆ ಹೆಂಡ್ತಿ ಯಾವ ಕ್ಷೇತ್ರ?" ಅಂತ ಕೇಳಿದೆ. ಗಂಜಿ ಅರ್ಧ ಬಿಟ್ಟು ಎದ್ದು ಕೈ ತೊಳೆದ್ರು. ಸುಂದರಿ ಒಳಗೆ ಕೇಳ್ತಾ ಇದ್ದಳು. ಅವಳದ್ದು ಅವತ್ತಿನಿಂದ ಭಾವನ ಹತ್ರ ಬೇಕಾದಷ್ಟೇ ಮಾತು, ನೀರು ಬೇಕಾ, ಊಟ ಆಯ್ತಾ, ಅಷ್ಟೇ.

ಆಮೇಲೆ ಸಂಕ ಹಾಕಲಿಲ್ವಾ ಅಂತ ಕೇಳ್ತೀರಿ. ಹಾಕಿದ್ರು ಒಂದು ವರ್ಷ, ಒಂದು ವರ್ಷ ಇಲ್ಲ. ಒಮ್ಮೆ ಬಿಟ್ಟದ್ದು ಹಿಡಿಯುದು ಕಷ್ಟ ಮಕ್ಕಳೇ. "ಅವನ ಮನೆಯಿಂದ ಜನ ಬರ್ಲಿಲ್ಲ, ನಾನ್ಯಾಕೆ ಹೋಗ್ಲಿ", "ಸರ್ಕಾರದ ಕೆಲಸ ಸರ್ಕಾರ ಮಾಡ್ಲಿ", ಹೀಗೆ ಪಿರಿಪಿರಿ. ಕೇಳಿ ಕೇಳಿ ನನಗೆ ಸಾಕಾಯ್ತು. ನಾನು ಎಲ್ಲಿಗೆ ಹೋದ್ರೂ, ಮದುವೆಗೆ ಹೋದ್ರೂ ಸಾವಿಗೆ ಹೋದ್ರೂ, "ಅಕ್ಕ, ಭಾವನ ಹತ್ರ ಸೇತುವೆಗೆ ಹೇಳಿ." ಅಷ್ಟರಲ್ಲಿ ರಾಜ್ಯ ಬೇರೆ ಆಯ್ತು, ಮದ್ರಾಸು ಹೋಗಿ ಬೆಂಗಳೂರು ಬಂತು, ಕ್ಷೇತ್ರದ ಗಡಿ ಗೆರೆ ಎಲ್ಲ ಹೊಸತು. ಇವರು ಶಾಲೆ ಬಾವಿ ಮಾಡಿಸಿದ ಊರೆಲ್ಲ ಗೆರೆಯ ಆಚೆ ಹೋಯ್ತು, ಇವರನ್ನು ತಕ್ಕೊಂಡು ಹೋಗಿ ಮೂಡಬಿದ್ರೆ ಬದಿಯಲ್ಲಿ ನಿಲ್ಲಿಸಿದ್ರು. ಅಲ್ಲಿ ಇವರ ಮುಖ ಯಾರಿಗೆ ಗೊತ್ತು? ಸೋತ್ರು. ಐದು ವರ್ಷ ಸುಮ್ಮನೆ ಕೂತ್ರು. ತಲೆ ಬೆಳ್ಳಗಾದದ್ದು ಆಗಲೇ.

ಮೂರನೇ ಸಲ ಒಂದು ದಿನ ಜೀಪಿನಲ್ಲಿ ಬಂದು ಇಳಿದು, ಅಂಗಳದಿಂದಲೇ ಹೇಳಿದ್ರು, "ಈ ಸಲ ನಿನ್ನ ಊರಿನಲ್ಲೇ ನಿಲ್ಲುದು." ನಾನು ಏನಂತ ಹೇಳ್ಲಿ, ಅಷ್ಟು ವರ್ಷದಲ್ಲಿ ಅಷ್ಟು ಖುಷಿ ಆದದ್ದಿಲ್ಲ. ಇನ್ನು ಇದೇ ಅವರ ಕ್ಷೇತ್ರ! ಇನ್ನು ಎಂತ ನೆಪ ಹೇಳ್ತಾರೆ ನೋಡುವ ಅಂತ. ನಾನೇ ಮುಂದೆ ಹೊರಟೆ, ಮನೆ ಮನೆಗೆ. ಅಬ್ಬ, ಏನು ಮರ್ಯಾದೆ ಗೊತ್ತುಂಟಾ! "ಬನ್ನಿ ಭಾವ, ಕೂತ್ಕೊಳ್ಳಿ ಭಾವ." ಚಾಪೆ ಹಾಸುದು, ಬೆಲ್ಲ ನೀರು ತರುದು, ವೀಳ್ಯದ ತಟ್ಟೆ ಮುಂದಿಡುದು. ಇವರಿಗೆ ಗೆದ್ದಷ್ಟೇ ಆಯ್ತು. ಒಂದು ಕಡೆ ಹೊಳೆಯ ನಡುವಿನಲ್ಲೇ ನಿಂತು ಭಾಷಣ, ಇಲ್ಲಿ ಸೇತುವೆ ಬರ್ತದೆ, ಹೀಗೆ ಬರ್ತದೆ, ಅಂತ ಕೈ ತೋರಿಸಿದ್ರು. ಬೇಸಿಗೆ ಅಲ್ವಾ, ಹೊಳೆಯಲ್ಲಿ ನೀರೇ ಇಲ್ಲ, ಮಕ್ಕಳು ಮರಳಲ್ಲಿ ಆಡ್ತಾ ಇದ್ದಾವೆ. ಜನ ತಲೆ ಆಡಿಸಿದ್ರು. ಯಾರಿಗೂ ಆಟಿಯ ನೆನಪಿಲ್ಲ. ಬಿಸಿಲಲ್ಲಿ ಯಾರು ಕೊಡೆಯ ವಿಷಯ ಮಾತಾಡ್ತಾರೆ ಹೇಳು?

ಓಟಿನ ದಿನ ಸಾಲಿನಲ್ಲಿ ನಾನೇ ಮೊದಲು. ಆಗ ಡಬ್ಬ ಬೇರೆ ಬೇರೆ ಇಲ್ಲ, ಚೀಟಿಯಲ್ಲೇ ಮುದ್ರೆ ಒತ್ತುದು. ಪರದೆಯ ಹಿಂದೆ ಹೋದೆ, ಚೀಟಿಯಲ್ಲಿ ನನ್ನ ಗಂಡನ ಹೆಸರು. ಅಷ್ಟು ವರ್ಷ ಹೆಂಡ್ತಿಯಾಗಿ ಮೊದಲ ಸಲ ಆ ಮನುಷ್ಯನಿಗೆ ಓಟು ಹಾಕುದು ನಾನು. ಮುದ್ರೆ ಕೈಗೆ ತಕ್ಕೊಂಡೆ. ಅಜ್ಜನ ಮುಖ ಅಲ್ಲ, ನಿಜ ಹೇಳ್ತೇನೆ, ಆ ಅಳದ ಮಗು ಕಣ್ಣಿಗೆ ಬಂತು. ಒತ್ತಿದೆ ಗಟ್ಟಿಯಾಗಿ. ಕಣ್ಣು ಒರೆಸಿಕೊಂಡು ಹೊರಗೆ ಬಂದೆ.

ಸೋತ್ರು. ಸಣ್ಣ ಸೋಲಲ್ಲ, ಮಕಾಡೆ. ನಮ್ಮ ಊರೇ ಹಾಕಿರಲಿಲ್ಲ. ನಾನು ದೇಜಪ್ಪನನ್ನು ಬೇಲಿಯ ಹತ್ರ ಹಿಡಿದು ಕೇಳಿದೆ, "ಎಂತಕ್ಕೆ ಹಾಕಲಿಲ್ಲ? ಮನೆಗೆ ಬಂದಾಗ ಅಷ್ಟು ಮರ್ಯಾದೆ ಮಾಡಿದ್ರಲ್ಲ?" ಅವ ತಲೆ ಕೆರೆದು, ಸುಳ್ಳು ಹೇಳ್ಲಿಕ್ಕೂ ಬಾರದೆ, ಹೇಳಿದ, "ಅಕ್ಕ, ಬೇಜಾರು ಮಾಡ್ಬೇಡಿ. ಭಾವ ಅಂದ್ರೆ ನೆಂಟ ಅಲ್ವಾ? ನೆಂಟನಿಗೆ ಬೆಲ್ಲ ನೀರು ಕೊಡುದು. ಓಟು ಕೊಡುದಾ? ನಾಳೆ ಎದ್ದು ತನ್ನ ಮನೆಗೆ ಹೋಗುವವರು." ಅವ ಹೇಳಿದ್ದು ಹೌದೇ ಅಲ್ವಾ?

ಆದ್ರೆ ಆ ಸಲ ಅವರು ಹೋಗಲಿಲ್ಲ. ನರಿಕೊಂಬಿಗೆ ಯಾವ ಮುಖ ಹೊತ್ತು ಹೋಗುದು ಅಂತಲೋ ಏನೋ, ಇಲ್ಲೇ, ಈ ಜಗಲಿಯಲ್ಲೇ, ಈ ಕಂಬಕ್ಕೆ ಒರಗಿ ಕೂತ್ರು. ಯಾರೂ ಬರುದಿಲ್ಲ, ಜೀಪಿಲ್ಲ, ಹಾರ ಇಲ್ಲ. ಪತ್ತನಾಜೆ ಕಳೀತು. ಮಾವ ತೀರಿ ಹೋಗಿದ್ರು ಅಷ್ಟು ಹೊತ್ತಿಗೆ, ಸಂಕದ ಮಾತು ತೆಗಿಯುವವರೇ ಇಲ್ಲ. ಒಂದು ಬೆಳಿಗ್ಗೆ ಸುಂದರಿ ಒಳಗಿಂದ ಬಂದಳು. ಕೈಯಲ್ಲಿ ಕತ್ತಿ. ತಂದು ಅವರ ಕಾಲಿನ ಹತ್ರ ಇಟ್ಟಳು. ಇಟ್ಟು ಹೇಳಿದಳು, ಸಿಟ್ಟಿಲ್ಲ ಎಂತದ್ದೂ ಇಲ್ಲ, ಊಟಕ್ಕೆ ಕರೆದ ಹಾಗೆ, "ಭಾವ, ಈಗ ನಿಮಗೆ ಕ್ಷೇತ್ರ ಇಲ್ಲ ಅಲ್ವಾ? ಹಾಗಾದ್ರೆ ಬನ್ನಿ, ಸಂಕ ಹಾಕುವ."

ಅವರು ಅವಳ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು. ಕಣ್ಣು ತುಂಬಿತ್ತು ಅವರದ್ದು, ನಾನು ನೋಡಿದ್ದೇನೆ. ಎದ್ರು. ಬಿಳಿ ಜುಬ್ಬ ಬಿಚ್ಚಿ ಆ ಗಿಳಿಬಾಗಿಲಿಗೆ ಹಾಕಿದ್ರು, ಮುಂಡು ಎತ್ತಿ ಕಟ್ಟಿದ್ರು, ಕತ್ತಿ ತಕ್ಕೊಂಡು ಹೊರಟ್ರು. ಮಾಜಿ ಎಮ್ಮೆಲ್ಲೆ ಬೈನೆ ಮರಕ್ಕೆ ಕತ್ತಿ ಹಾಕುದು ನೋಡಿ ದೇಜಪ್ಪ ಓಡಿ ಬಂದ, "ಅಯ್ಯೋ ಬಿಡಿ ಭಾವ, ನಾನು ಕಡೀತೇನೆ" ಅಂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಆಚೆ ದಡದಲ್ಲಿ ಬಳ್ಳಿ ಹಿಡಿಲಿಕ್ಕೆ ಯಾರು ಅಂದ್ರಿ? ಐಸಮ್ಮನ ಗಂಡ, ಮಕ್ಕಳು. ಓಟು ಹಾಕದವರೆಲ್ಲ ಬಂದ್ರು ನೋಡು! ಮಧ್ಯಾಹ್ನದ ಊಟಕ್ಕೆ ಮೊದಲು ಸಂಕ ಆಯ್ತು. ಅಲ್ಲಿಂದ ಮತ್ತೆ ಒಂದೇ ಒಂದು ವರ್ಷ ತಪ್ಪಿಸಲಿಲ್ಲ ಅವರು, ಕೈಲಾಗುವವರೆಗೆ. ಸರ್ಕಾರದ ಸೇತುವೆ ಬಂದದ್ದು ಅವರು ಹೋದ ಮೇಲೆ.

ನನಗೆ ಅವತ್ತು ಖುಷಿ ಆಗಲಿಲ್ಲ ಮಕ್ಕಳೇ. ಸಂಕದ ಮೇಲೆ ಆಚೆ ಹೋಗಿ ಈಚೆ ಬಂದು, ಮನೆಗೆ ಬಂದು ಅತ್ತೆ. ಎರಡು ಮರ, ಒಂದು ಬೆಳಗ್ಗಿನ ಕೆಲಸ. ಅದಕ್ಕೆ ಎಮ್ಮೆಲ್ಲೆಯೂ ಬೇಡ, ಮದ್ರಾಸೂ ಬೇಡ, ಬೆಂಗಳೂರೂ ಬೇಡ. ಓಟು ಹಾಕಿ, ಬೇಡ ಹೇಳುದಿಲ್ಲ, ಆ ಹುಡುಗನಿಗೇ ಹಾಕಿ ಬೇಕಾದ್ರೆ. ಸೇತುವೆ ಬರುವಾಗ ಬರ್ಲಿ. ಆದ್ರೆ ಬರ್ತದೆ ಅಂತ ಯಾರಾದ್ರೂ ಹೇಳಿದ್ರೆ, ಆ ವರ್ಷದ ಸಂಕ ಬಿಡ್ಬಾರದು. ಏಳಿ ಈಗ, ಗಂಜಿ ಆರ್ತದೆ.