ಕೋರಾಳ ಪಾಕದ ಕ್ಯಾನಿನಲ್ಲಿ ಹಳೇ ಎಂಜಿನ್ ಆಯಿಲ್

ಹೆಸರು: ಆರಿನ್ ಥಿಬೋ. ವಯಸ್ಸು: 58 ವರ್ಷ. ಕೆಲಸ: ಶಾಲಾ ಬಸ್ ಚಾಲಕ. ವಾಸ: ಕ್ವಾರಿ ರಸ್ತೆ, ಈಸ್ಟ್ ಹಾರ್ಲೋ, ವರ್ಮಾಂಟ್.

ಮೇಲ್ಕಂಡ ನಾನು ಠಾಣೆಗೆ ಖುದ್ದು ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ, ನಾನು ಹೆಂಡತಿ ಕೋರಾಳೊಂದಿಗೆ ಸದರಿ ವಿಳಾಸದಲ್ಲಿ ವಾಸವಾಗಿರುತ್ತೇನೆ. ಕೋರಾ ಪ್ರತಿ ವರ್ಷ ಮೇಪಲ್ ಮರದ ರಸ ಕಾಯಿಸಿ, ಪ್ಯಾನ್‌ಕೇಕ್ ಮೇಲೆ ಸುರಿದುಕೊಂಡು ತಿನ್ನುವ ಸಿಹಿ ಪಾಕ ತಯಾರಿಸುತ್ತಾಳೆ. ಮನೆಯ ಮುಂದೆ ರಸ್ತೆಯ ಅಂಚಿನಲ್ಲಿ ಒಂದು ಮೇಜು, ಅದರ ಮೇಲೆ ಪಾಕದ ಕ್ಯಾನುಗಳು, ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತವೆ. ಬೇಕಾದವರು ಡಬ್ಬಿಗೆ ದುಡ್ಡು ಹಾಕಿ ಕ್ಯಾನು ಒಯ್ಯುತ್ತಾರೆ. ಕಾಯಲು ಯಾರೂ ಕೂರುವುದಿಲ್ಲ. ಇಷ್ಟು ವರ್ಷ ಅಲ್ಲಿ ಮೋಸವೆಂಬುದು ನಡೆದಿಲ್ಲ. ಈಗ ನಡೆದಿರುವುದು ನಮ್ಮ ಕಡೆಯಿಂದಲೇ.

ದಿನಾಂಕ 12-4-2014ರ ಶನಿವಾರ ಬೆಳಿಗ್ಗೆ 6ಕ್ಕೆ ಕೋರಾ ಊರಿನ ಅಗ್ನಿಶಾಮಕ ದಳದ ಸಹಾಯಾರ್ಥ ದಳದ ಕಟ್ಟಡದಲ್ಲಿ ಏರ್ಪಡಿಸಿದ್ದ ಪ್ಯಾನ್‌ಕೇಕ್ ಉಪಾಹಾರಕ್ಕೆ ಅಡುಗೆ ಮಾಡಲು ಹೋದಳು. ಹೋಗುವಾಗ, ಕಾರಿನ ಆಯಿಲ್ ಬದಲಾಯಿಸಲು ಗ್ಯಾರೇಜಿಗೇ ಕೊಡಬೇಕೆಂದೂ ನಾನು ಕೈ ಹಾಕಕೂಡದೆಂದೂ ತಿಳಿಸಿದ್ದಳು. ಗ್ಯಾರೇಜಿನವನಿಗೇನು ನಾಲ್ಕು ಕೈಗಳಿವೆಯೇ ಎಂದು ನಾನು ಯೋಚಿಸಿದೆ.

7-30ಕ್ಕೆ ಕಾರನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಅಡಿಯಲ್ಲಿ ಮಲಗಿ, ಬೋಲ್ಟು ಬಿಚ್ಚಿ ಹಳೇ ಆಯಿಲ್ಲನ್ನು ತೊಟ್ಟಿಗೆ ಇಳಿಸಿದೆ. ಅದನ್ನು ಊರಿನ ಕಸ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಲು ಮುಚ್ಚಳವಿರುವ ಪಾತ್ರೆ ಬೇಕು. ಶೆಡ್ಡಿನಲ್ಲಿ ಪಾಕದ ಖಾಲಿ ಕ್ಯಾನೊಂದು ಸಿಕ್ಕಿತು. ತುಂಬಿ ಮುಚ್ಚಳ ಬಿಗಿದೆ. ಕ್ಯಾನಿನ ಮೇಲೆ ಕೋರಾಳ ಹೆಸರೂ ‘ಕಡು ಬಣ್ಣ, ಗಾಢ ರುಚಿ’ ಎಂಬ ಚೀಟಿಯೂ ಇದ್ದವು. ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಹಿಮ ಕರಗಿ ಅಂಗಳದಲ್ಲಿ ಪಾದ ಮುಳುಗುವಷ್ಟು ಕೆಸರಿದ್ದುದರಿಂದ ಕ್ಯಾನನ್ನು ಆ ಕ್ಷಣಕ್ಕೆಂದು ರಸ್ತೆಯಂಚಿನ ಮೇಜಿನ ಮೇಲಿಟ್ಟೆ. ಅಂದು ಮೇಜು ಬೇರೆ ಖಾಲಿಯಿತ್ತು.

ನಂತರ ಫಿಲ್ಟರ್ ಬಿಚ್ಚಲು ಹೋದೆ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದರ ಹೊಟ್ಟೆಗೆ ಸ್ಕ್ರೂಡ್ರೈವರ್ ಹೊಡೆದು ತಿರುಗಿಸಿದಾಗ ತೂತಾಗಿ, ಒಳಗಿದ್ದದ್ದೆಲ್ಲ ನನ್ನ ಮುಖದ ಮೇಲೆ ಸುರಿಯಿತು. ಆ ಹೊತ್ತಿಗೆ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ನಮ್ಮಲ್ಲಿ ಹಾರ್ನ್ ಕೇಳಿದರೆ ಯಾರು ಏನೆಂದು ನೋಡದೆ ಕೈ ಬೀಸುವುದು ರೂಢಿ. ಅದರಂತೆ ಕಾರಿನ ಅಡಿಯಿಂದಲೇ ಕೈ ಹೊರಚಾಚಿ ಬೀಸಿದೆ.

8-40ಕ್ಕೆ ಹೊರಬಂದಾಗ ಮೇಜಿನ ಮೇಲೆ ಕ್ಯಾನು ಇರಲಿಲ್ಲ. ಡಬ್ಬಿಯಲ್ಲಿ ದುಡ್ಡಿತ್ತು. ಎದುರು ಮನೆಯ ಲೂಸಿಲ್ ಪ್ರ್ಯಾಟ್ ಅವರ ಕಿಟಕಿಯಿಂದ ಈ ರಸ್ತೆಯ ಯಾವ ಸಂಗತಿಯೂ ತಪ್ಪಿಸಿಕೊಳ್ಳುವುದಿಲ್ಲ. ಅಗ್ನಿಶಾಮಕ ದಳದ ಮುಖ್ಯಸ್ಥ ಡ್ವೇನ್ ಲಬೆಲ್ ಬಂದು, ಉಪಾಹಾರಕ್ಕೆ ಪಾಕ ಸಾಲದೆಂದು ಹೇಳಿ ಒಯ್ದರೆಂದೂ, ನಾನೇ ಕೈ ಬೀಸಿ ಒಪ್ಪಿಗೆ ಕೊಟ್ಟೆನೆಂದೂ ಲೂಸಿಲ್ ತಿಳಿಸಿದರು.

ದಳದ ಕಟ್ಟಡಕ್ಕೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಕಾರಿನಲ್ಲಿ ತೊಟ್ಟು ಆಯಿಲ್ ಇರಲಿಲ್ಲ. ಅಂಗಳದಲ್ಲಿದ್ದದ್ದು ಶಾಲಾ ಬಸ್ಸು ಮಾತ್ರ. ರಜಾ ದಿನ ಅದನ್ನು ಅಲುಗಾಡಿಸಕೂಡದೆಂಬ ನಿಯಮ ಗೊತ್ತಿದ್ದೂ ಹತ್ತಿದೆ. ಮೂರು ಮೈಲಿ ದಾರಿಯಲ್ಲಿ ನನಗೆ ಎರಡು ಭಯಗಳಿದ್ದವು. ಒಂದು, ಕೋರಾಳ ಹೆಸರು ಮಣ್ಣುಪಾಲಾಗುತ್ತದೆ. ಇನ್ನೊಂದು, ಯಾರಾದರೂ ಸಾಯುತ್ತಾರೆ. ಭಯಗಳು ಬಂದದ್ದು ಇದೇ ಕ್ರಮದಲ್ಲಿ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

8-55ಕ್ಕೆ ಕಟ್ಟಡದ ಮುಂದೆ ರಸ್ತೆಯಲ್ಲೇ ಬಸ್ ನಿಲ್ಲಿಸಿದೆ. ಅಭ್ಯಾಸಬಲದಿಂದ ನನ್ನ ಕೈ ಕೆಂಪು ದೀಪ ಹಚ್ಚಿ, ಬದಿಯ ‘ನಿಲ್ಲಿ’ ಫಲಕವನ್ನೂ ಹೊರಚಾಚಿತು. ಫಲಕ ಹೊರಗಿದ್ದರೆ ಮಕ್ಕಳು ಇಳಿಯುತ್ತಾರೆಂದು ಎರಡೂ ಕಡೆಯ ವಾಹನಗಳು ನಿಲ್ಲಲೇಬೇಕು. ಇದನ್ನು ಗಮನಿಸದೆ ಒಳಗೆ ಓಡಿದೆ.

ಒಳಗೆ ಸುಮಾರು ಅರವತ್ತು ಜನರಿದ್ದರು. ಕ್ಯಾನಿನೊಳಗೆ ಇಲಿ ಬಿದ್ದಿದೆ ಎಂದು ಸುಳ್ಳು ಹೇಳಿ ಹೆಂಡತಿಯ ಮಾನ ಉಳಿಸುವ ಯೋಚನೆಯಿತ್ತು. ಇಲಿಯಿಂದ ಮಾನ ಹೇಗೆ ಉಳಿಯುತ್ತದೆಂದು ಯೋಚಿಸಿರಲಿಲ್ಲ. ಅಷ್ಟರಲ್ಲಿ 84 ವರ್ಷದ ಏಮಸ್ ವಿಟ್ಕಂಬ್ ಅವರ ತಟ್ಟೆಯಲ್ಲಿ ಕರಿ ಮಡು ನಿಂತಿರುವುದು ಕಂಡಿತು. ಸುಳ್ಳು ಗಂಟಲಲ್ಲೇ ಉಳಿಯಿತು.

“ಯಾರೂ ತಿನ್ಬೇಡಿ. ಅದು ಕೋರಾಳ ಪಾಕ ಅಲ್ಲ, ನನ್ನ ಕಾರಿನ ಹಳೇ ಆಯಿಲ್ಲು” ಎಂದೆ.

ಯಾರೂ ಬೆಚ್ಚಲಿಲ್ಲ. ವಿಟ್ಕಂಬ್ ಅವರು ಮಡಿಲಿನ ಕಾಗದದ ಕರವಸ್ತ್ರ ಬಿಡಿಸಿ, ಮೊದಲ ತುತ್ತನ್ನು ಅಲ್ಲಿಗೇ ಉಗುಳಿದ್ದನ್ನು ತೋರಿಸಿದರು. ಆ ಮೇಜಿನ ಉಳಿದವರು ಪ್ಯಾನ್‌ಕೇಕನ್ನು ಚೂರು ಮಾಡಿ ಸಾಸೇಜಿನ ಅಡಿಗೆ ತಳ್ಳಿದ್ದರು. ಯಾರೂ ನುಂಗಿರಲಿಲ್ಲ. ಕ್ಯಾನನ್ನು ಲಬೆಲ್ ಆಗಲೇ ಮೇಜಿನ ಕೆಳಗೆ ಅಡಗಿಸಿದ್ದರು. ಅಡುಗೆಮನೆಗೆ ಏಕೆ ತಿಳಿಸಲಿಲ್ಲವೆಂದು ಕೇಳಿದೆ.

ಲಬೆಲ್ ದನಿ ತಗ್ಗಿಸಿ, “ಈ ವರ್ಷ ಕೋರಕ್ಕ ಪಾಕ ತಳ ಹಿಡಿಸಿಬಿಟ್ಟಿದಾರೆ ಅಂದ್ಕೊಂಡ್ವಿ. ಮುಖದ ಮೇಲೆ ಹೆಂಗೆ ಹೇಳೋದು ಮಾರಾಯ?” ಎಂದರು.

ಅಡುಗೆಮನೆಯ ಕಿಂಡಿಯಲ್ಲಿ ಕೋರಾ ನಿಂತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಮೂವತ್ತೊಂದು ವರ್ಷದಿಂದ ನನ್ನ ಪಾಕ ತಿಂತಿದೀರಿ. ಇದನ್ನ ನಂದು ಅಂತ ನಂಬಿಬಿಟ್ರಾ?” ಎಂದಳು.

ಎಲ್ಲರೂ ತಟ್ಟೆ ನೋಡಿದರು. ಸಮಾಧಾನಪಡಿಸುವ ಉದ್ದೇಶದಿಂದ ವಿಟ್ಕಂಬ್ ಅವರು, “ತೀರಾ ಅಷ್ಟೊಂದೇನೂ ಕೆಟ್ಟದಾಗಿರ್ಲಿಲ್ಲ ಕಣಮ್ಮ. ಹೋದ ವರ್ಷದ್ದಕ್ಕಿಂತ ಸ್ವಲ್ಪ ತೆಳ್ಳಗಿತ್ತು ಅಷ್ಟೆ” ಎಂದರು.

ಆಗ ಹಿಟ್ಟಿನ ಪಾತ್ರೆ ಕಿಂಡಿಯಿಂದ ಹೊರಬಂದು, ವಿಟ್ಕಂಬ್ ಅವರನ್ನು ದಾಟಿ, ಲಬೆಲ್ ಅವರ ತಲೆಯ ಮೇಲೆ ಬೋರಲಾಯಿತು.

9-20ಕ್ಕೆ ತಮ್ಮ ಠಾಣೆಯ ಡೆಪ್ಯೂಟಿ ಹಾಲಿಸ್ ಅವರು ನಡೆದುಕೊಂಡು ಬಂದರು. ಅವರ ಗಾಡಿ ಬಸ್ಸಿನ ಹಿಂದೆ ಏಳನೆಯದಾಗಿ ಸಿಕ್ಕಿಕೊಂಡಿತ್ತು. ಮಕ್ಕಳು ಎಲ್ಲಿ ಎಂದು ಮೊದಲು ಕೇಳಿದರು. ಮಕ್ಕಳಿಲ್ಲ ಎಂದೆ. ಪಾತ್ರೆ ಎಸೆದವರು ಯಾರೆಂದು ಆಮೇಲೆ ಕೇಳಿದರು. ಅರವತ್ತು ಜನರಲ್ಲಿ ಒಬ್ಬರೂ ನೋಡಿರಲಿಲ್ಲ. ಕಿವಿಯಿಂದ ಹಿಟ್ಟು ಇಳಿಯುತ್ತಿದ್ದ ಲಬೆಲ್ ಕೂಡ ನೋಡಿರಲಿಲ್ಲ. ನಾನೂ ನೋಡಿರುವುದಿಲ್ಲ.

ಬಸ್ಸು ಒಯ್ದದ್ದು ನನ್ನ ತಪ್ಪು, ಅದಕ್ಕೆ ಆಗುವ ಶಿಕ್ಷೆಗೆ ಬದ್ಧನಿದ್ದೇನೆ. ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಹಿಟ್ಟಿನ ಪಾತ್ರೆಯನ್ನು ಯಾರು ಎಸೆದರೆಂದು ನಾನು ನೋಡಿಲ್ಲವೆಂಬ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲವೂ ಸತ್ಯವಾಗಿರುತ್ತದೆ.

ಸ್ಥಳ: ಈಸ್ಟ್ ಹಾರ್ಲೋ
ದಿನಾಂಕ: 12-4-2014
ಸಹಿ: ಆರಿನ್ ಥಿಬೋ