ಒಗರಣ್ಣನ ಮೇಲಿರುವ ಒಂದು ಸಾಲು

ಕೆಲಸ ನಿಲ್ಲಿಸಿ ಈ ಊಟದ ಕೋಣೆಗೆ ಬಂದಿರುವ ಎಲ್ಲರಿಗೂ, ಮುಂದಿನ ಬೆಂಚಿನಲ್ಲಿ ಕೂತಿರುವ ಅತ್ತಿಗೆಗೆ, ಅಣ್ಣನ ಮಗಳಿಗೆ ನಮಸ್ಕಾರ. ಮ್ಯಾನೇಜರ್ ಸಾಹೇಬರಿಗೂ ನಮಸ್ಕಾರ. ನಾನು ಉಗ್ರಾಣ ನೋಡಿಕೊಳ್ಳೋನು. ಮೂಟೆ ಹೊರೋಕೆ ಅಂತ ಈ ಕಾರ್ಖಾನೆಗೆ ಬಂದವನು, ಮೂಟೆ ಮೇಲಿನ ಚೀಟಿ ಓದಿ ಓದಿ ಅಕ್ಷರ ಕಲಿತವನು. ಭಾಷಣ ಬರಲ್ಲ. ಎಣಿಸೋದು, ಬರೆದಿಡೋದು ಬರುತ್ತೆ.

ಸಾಹೇಬರು ಈಗಷ್ಟೇ ಹೇಳಿದರು, ನಮ್ಮನ್ನಗಲಿದ ಅಣ್ಣ 'ಸಂಸ್ಥೆಯ ಆಸ್ತಿ' ಅಂತ. ಆಸ್ತಿಪಾಸ್ತಿ ಎಲ್ಲಿದೆ ಅಂತ ಹೇಳೋದು ನನ್ನ ಕೆಲಸ. ಹೇಳ್ತೀನಿ. ಈ ಆಸ್ತಿ ಹದಿನೆಂಟು ತಿಂಗಳು ಹಿತ್ತಲಿನ ಶೆಡ್ಡಿನಲ್ಲಿತ್ತು — ಹಣ್ಣು ತೊಳೆಯೋ ತೊಟ್ಟಿ ಮುಂದೆ, ಒದ್ದೆ ಕಾಲಲ್ಲಿ.

ಬೇಲಿಹಣ್ಣು ನಿಮಗೆಲ್ಲ ಗೊತ್ತು. ಹಕ್ಕಿ ಕೂಡ ಒಂದು ಸಲ ಕುಕ್ಕಿ ಬಿಟ್ಟುಹೋಗೋ ಹಣ್ಣು. ರಸ್ತೆಗೆ ಬಿದ್ದರೆ ಗುಡಿಸಿ ಎಸೀತಿದ್ವಿ. ಹನ್ನೊಂದು ವರ್ಷದ ಹಿಂದೆ ಅಣ್ಣ ಅದನ್ನ ಊಟದ ಡಬ್ಬಿ ತುಂಬ ತಂದು ಪ್ರಯೋಗಾಲಯದ ಮೇಡಂ ಮುಂದೆ ಸುರಿದರು. "ಒಂದು ಕಚ್ಚಿ ನೋಡಿ ಮೇಡಂ. ಬಾಯನ್ನ ಇಷ್ಟು ಒಣಗಿಸುತ್ತೆ ಅಂದ್ರೆ ಒಳಗೆ ಏನೋ ಇರಲೇಬೇಕು." ಇತ್ತು. ಸಿಪ್ಪೆಯಲ್ಲಿ. ಇವತ್ತು ಈ ಕೋಣೆಯಲ್ಲಿ ಕೂತಿರೋ ಅರ್ಧಕ್ಕರ್ಧ ಜನರ ಕೆಲಸ ನಡೆಯೋದು ಔಷಧಿ ಕಂಪನಿಗಳು ಕೊಳ್ಳೋ ಆ ಸಿಪ್ಪೆಯ ಸತ್ವದಿಂದ.

ಸತ್ವ ಇಳಿಸೋಕೆ ಬೆಚ್ಚಗಿನ ನೀರು ಸಾಕು. ಐವತ್ತೈದು ಡಿಗ್ರಿ, ಮೂರು ಗಂಟೆ. ಕಾವು ಮೀರಿದರೆ ಸತ್ವ ಸಾಯುತ್ತೆ. ಅಣ್ಣ ಚಮಚದಲ್ಲಿ ಒಂದು ತೊಟ್ಟು ತೆಗೆದು — ಹೀಗೆ — ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚೋರು. "ಒಗರು ನಾಲಿಗೆಯನ್ನ ಹಿಂದಿನಿಂದ ಹಿಡಿದು ಎಳೀಬೇಕು. ಎಳೆದ್ರೆ ಸತ್ವ ಇದೆ. ಬರೀ ಕಹಿಯಾದ್ರೆ ಸುಟ್ಟಿದೆ." ಅದಕ್ಕೇ ನಮ್ಮ ಬಾಯಲ್ಲಿ ಒಗರಣ್ಣ ಆದರು. ಅತ್ತಿಗೆ ಒಮ್ಮೆ ನನ್ನ ಹತ್ತಿರ ಬೈದಿದ್ದುಂಟು — "ಮನೇಲಿ ಉಪ್ಪು ಮರೆತರೂ ಸುಮ್ಮನೆ ಉಣ್ತಾರೆ. ನಿಮ್ಮಲ್ಲಿ ಮಾತ್ರ ಅವರ ನಾಲಿಗೆಗೆ ಅಷ್ಟು ಮರ್ಯಾದೆಯಾ?"

ಇತ್ತು ಅತ್ತಿಗೆ. ಮೀಟರ್ ಬರೋವರೆಗೆ ಇತ್ತು.

ಕಾವು ತೋರಿಸೋ ಹೊಸ ಮೀಟರ್ ಹಾಕಿದ ಎರಡನೇ ವಾರ ಅಣ್ಣ ಚಮಚ ಕೆಳಗಿಟ್ಟು ಹೇಳಿದರು: "ಸಾರ್, ಕಹಿ ಬಂದಿದೆ. ಕಾವು ಜಾಸ್ತಿಯಾಗಿದೆ, ನಿಲ್ಲಿಸಿ." ಸಾಹೇಬರು ಮೀಟರ್ ತೋರಿಸಿದರು. ಐವತ್ತೈದು. "ನಿನ್ನ ನಾಲಿಗೆಗೆ ಯಾರಯ್ಯಾ ಸರ್ಟಿಫಿಕೇಟ್ ಕೊಟ್ಟಿರೋದು?" ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಹದಿನಾಲ್ಕು ಡ್ರಮ್ಮು ಸತ್ವ ಕಂದು ಬಣ್ಣಕ್ಕೆ ತಿರುಗಿ ಮೋರಿಗೆ ಹೋಯಿತು. ಆಮೇಲೆ ಉಗ್ರಾಣದಲ್ಲಿರೋ ಉತ್ಪಾದನೆಯ ಪುಸ್ತಕದಲ್ಲಿ ಸಾಹೇಬರ ಕೈಯಿಂದ ಒಂದು ಸಾಲು ಬಿತ್ತು — 'ಕೆಲಸಗಾರನ ಅಜಾಗರೂಕತೆಯಿಂದ ನಷ್ಟ.' ನಿಲ್ಲಿಸಿ ಅಂದವನೇ ಅಜಾಗರೂಕ. ಮಾರನೇ ದಿನದಿಂದ ಅಣ್ಣನಿಗೆ ಸತ್ವ ಇಳಿಸೋ ಕೋಣೆಯ ಬಾಗಿಲು ಬಂದ್, ಹಣ್ಣು ತೊಳೆಯೋ ಶೆಡ್ಡಿಗೆ ಕಳಿಸಿದರು.

ಈಗ ನನ್ನ ಪಾಲಿನದ್ದು ಹೇಳ್ತೀನಿ. ಒಂದು ತಿಂಗಳಾದ ಮೇಲೆ ಮೀಟರ್ ರಿಪೇರಿಯವನು ಬಂದ. ಕೆಲಸ ಮುಗಿಸಿ ಚೀಟಿ ಬರೆದುಕೊಟ್ಟ — ಮೀಟರ್ ಒಂಬತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಸಾಹೇಬರು ಓದಿ ಸಹಿ ಹಾಕಿದರು. ಪುಸ್ತಕದಲ್ಲಿದ್ದ ಹಿಂದಿನ ತಿಂಗಳಿನ ಸಾಲು ಹಾಗೇ ಉಳಿಯಿತು. ಚೀಟಿ ಉಗ್ರಾಣಕ್ಕೆ ಬಂತು. ಅದನ್ನ ಓದಿ, ಅರ್ಥ ಮಾಡಿಕೊಂಡು, ಫೈಲಿಗೆ ಚುಚ್ಚಿದವನು ನಾನು. ನನ್ನ ಕುರ್ಚಿ ನನಗೆ ಬೇಕಿತ್ತು. ದಿನಾ ಮಧ್ಯಾಹ್ನ ಇದೇ ಕೋಣೆಯಲ್ಲಿ ಅಣ್ಣನ ಎದುರು ಕೂತು ಉಂಡೆ. ಅವರು ಒಂದು ದಿನವೂ ಕೇಳಲಿಲ್ಲ. ನಾನು ಒಂದು ದಿನವೂ ಹೇಳಲಿಲ್ಲ. ಸಾಹೇಬರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, ಅದರಲ್ಲಿ ಒಂದು ಚೂರೂ ಕಡಿಮೆಯಿಲ್ಲದಷ್ಟು ಸಿಟ್ಟು ನನ್ನ ಮೇಲೂ ಇದೆ.

ಅಣ್ಣನ ಎದೆಬಡಿತ ನಿಂತಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳಲ್ಲ. ಗೊತ್ತಿಲ್ಲದ್ದನ್ನ ಬರೆಯೋ ಅಭ್ಯಾಸ ನನಗಿಲ್ಲ. ಆದರೆ ಮೊನ್ನೆ ಮನೆಗೆ ಹೋದಾಗ ಈ ಮಗಳು ನನ್ನನ್ನ ಬಾಗಿಲ ಹೊರಗೆ ಕರೆದು ಕೇಳಿದಳು: "ಚಿಕ್ಕಪ್ಪ, ಅಪ್ಪ ನಿಜವಾಗಲೂ ಆ ಡ್ರಮ್ಮುಗಳನ್ನ ಹಾಳು ಮಾಡಿದ್ರಾ? ಅಮ್ಮನ ಹತ್ತಿರ ಕೇಳೋಕೆ ಧೈರ್ಯ ಆಗ್ತಿಲ್ಲ." ನಾನು ನೀರು ಕೇಳಿದೆ. ಕುಡಿದೆ. ಹಾಗೇ ಹೊರಟು ಬಂದುಬಿಟ್ಟೆ.

ಇಲ್ಲ ಮಗಳೇ. ಅಪ್ಪ ಹಾಳು ಮಾಡಲಿಲ್ಲ. ಅಪ್ಪ ತಡೆದರು. ನಾವು ನಕ್ಕೆವು.

ನಾನು ಬಾಯಲ್ಲಿ ಹೇಳಿದ್ದು ನಾಳೆ ಗಾಳಿಗೆ ಹೋಗುತ್ತೆ. ಪುಸ್ತಕದಲ್ಲಿರೋದು ಉಳಿಯುತ್ತೆ. ಅದಕ್ಕೇ ಪುಸ್ತಕ ತಂದಿದ್ದೀನಿ — ಇಲ್ಲಿ, ಫೋಟೋದ ಪಕ್ಕ. ಉಗ್ರಾಣದಿಂದ ಇದನ್ನ ಹೊರಗೆ ತರಬಾರದು ಅಂತ ನಿಯಮ ಇದೆ. ಗೋಡೆಗೆ ಆ ನಿಯಮ ಅಂಟಿಸಿದವನೂ ನಾನೇ. ಪುಟ ತೆರೆದಿದೆ, ರಿಪೇರಿ ಚೀಟಿಯನ್ನ ಫೈಲಿನಿಂದ ತೆಗೆದು ಅದೇ ಪುಟದಲ್ಲಿಟ್ಟಿದ್ದೀನಿ. ಸಾಹೇಬರೇ, ಹಾರ ಹಾಕೋಕೆ ಏಳಬೇಡಿ. ಹಾರ ಸಾಕಷ್ಟಿವೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅತ್ತಿಗೆ, ನೀವು ಕೂತಿರಿ. ಇಷ್ಟು ನಿಮಿಷದ ಮೌನ ಅಂತ ನಾನು ಹೇಳಲ್ಲ. ಸಾಹೇಬರ ಕುರ್ಚಿಯಿಂದ ಈ ಮೇಜಿಗೆ ಎಂಟು ಹೆಜ್ಜೆ. ಅವರು ನಡೆದು ಬಂದು, ಆ ಸಾಲು ಹೊಡೆದುಹಾಕಿ, ನಡೆದದ್ದನ್ನ ಬರೆದು, ಕೆಳಗೆ ಸಹಿ ಹಾಕೋವರೆಗೆ — ನಾವು ಹೀಗೇ ನಿಂತಿರೋಣ.